ಮಂಗಳವಾರ, ಶುಕ್ರವಾರ

ಒಂದೇ ವಾಲ್ವಿಗೆ ಎರಡು ಚೀಟಿ ಹೇಗೆ ಬಂತು?

ಗುರುವಾರ ಮಧ್ಯಾಹ್ನ ಊಟದ ಹೊತ್ತು. ಡೋರೀನ್ ಪೆಲ್ಕಿ ಎರಡೂ ಚೀಟಿಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ಕೂತಿದ್ದಳು. ಬಿಸಿ ಮಾಡಿ ತಂದಿದ್ದ ಪಾಸ್ಟಿ, ಮಾಂಸ ತುಂಬಿ ಬೇಯಿಸಿದ ಕಡುಬು, ಸುತ್ತಿದ ಕಾಗದದಲ್ಲೇ ತಣ್ಣಗಾಗುತ್ತಿತ್ತು. ಎರಡೂ ಅವಳ ಸ್ವಯಂಸೇವಕ ರೇನೋ ಕಾಂಗಸ್‌ನ ಕೈಬರಹ, ಎರಡೂ ಅದೇ ದಪ್ಪ ಪೆನ್ಸಿಲಿನಲ್ಲಿ ಬರೆದವು. ಸೆಪ್ಟೆಂಬರಿನ ಚೀಟಿ ಹೇಳುತ್ತಿತ್ತು: ನಾಲ್ಕನೇ ಬೀದಿ, ಲೂಥರನ್ ಚರ್ಚಿನ ಮೆಟ್ಟಿಲ ಮೂಲೆಯಿಂದ ಹತ್ತೊಂಬತ್ತು ಅಡಿ, ಬೆಂಕಿ ಆರಿಸುವ ಕೆಂಪು ನಲ್ಲಿಯಿಂದ ಇಪ್ಪತ್ತಾರು ಅಡಿ. ಮೊನ್ನೆ ಮಂಗಳವಾರದ ಚೀಟಿ, ಅಂದರೆ ನವೆಂಬರಿನದು, ಅದೇ ವಾಲ್ವಿಗೆ ಅದೇ ಮೂಲೆಯಿಂದ ಮೂವತ್ತೊಂದು ಅಡಿ ಎನ್ನುತ್ತಿತ್ತು. ನೀರಿನ ಕೊಳವೆಯ ಜೊತೆ ಭೂಮಿಯೊಳಗೆ ಹೂತ ಕಬ್ಬಿಣದ ವಾಲ್ವ್ ಎರಡು ತಿಂಗಳಲ್ಲಿ ಹನ್ನೆರಡು ಅಡಿ ನಡೆದುಕೊಂಡು ಹೋಗುವುದಿಲ್ಲ. ಯಾವುದೋ ಒಂದು ತಪ್ಪು. ಅದಕ್ಕಿಂತ ಹೆಚ್ಚಾಗಿ, ಸೆಪ್ಟೆಂಬರಿನಲ್ಲಿ ಬರೆದು ಮುಗಿಸಿದ್ದನ್ನು ರೇನೋ ಮತ್ತೆ ಯಾಕೆ ಬರೆಯಲು ಹೋದ?

ಉತ್ತರ ಅವಳಿಗೆ ಹೊಳೆಯದೇ ಇರಲಿಲ್ಲ. ಹೊಳೆದದ್ದಕ್ಕೇ ಪಾಸ್ಟಿ ಮುಟ್ಟದೆ ಕೂತಿದ್ದಳು.

ಡೋರೀನ್ ಚಿಂತೆ ಮಾಡುವುದರಲ್ಲಿ ಎತ್ತಿದ ಕೈ ಎಂಬುದು ನಮ್ಮ ಹಾರ್ಟ್‌ವಿಕ್ ಊರಿನಲ್ಲಿ ಎಲ್ಲರಿಗೂ ಗೊತ್ತು. ಹಿಮಕ್ಕೆ ಸಿಕ್ಕಿಕೊಂಡರೆ ಬೇಕಾದೀತೆಂದು ಬೇಸಿಗೆಯಲ್ಲೂ ಅವಳ ಕಾರಿನ ಹಿಂದೆ ಎರಡು ಕಂಬಳಿ, ಒಂದು ಸಲಿಕೆ, ಒಂದು ಚೀಲ ಮರಳು ಇರುತ್ತವೆ. ಮನೆಯಿಂದ ಹೊರಟವಳು ಒಲೆ ಆರಿಸಿದೆನೋ ಇಲ್ಲವೋ ಎಂದು ತಿರುವಿನ ತನಕ ಹೋಗಿ ವಾಪಸು ಬರುತ್ತಾಳೆ. ಆದರೆ ಒಂದು ವಿಷಯದಲ್ಲಿ ಮಾತ್ರ ಅವಳಿಗೆ ಹೆದರಿಕೆ ಅಂದರೆ ಏನೆಂದೇ ಗೊತ್ತಿಲ್ಲ. ವಯಸ್ಸಾದವರನ್ನು ಮೂಲೆಗೆ ಕೂರಿಸಿದ್ದನ್ನು ಕಂಡರೆ ಯಾವ ಅಧಿಕಾರಿಯ ಮುಂದಾದರೂ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾಳೆ.

ಅದಕ್ಕೆ ಕಾರಣ ಅವಳ ತಾಯಿ. ಆಕೆ ಮೂವತ್ತು ವರ್ಷ ಶಾಲೆಯ ಅಡುಗೆಮನೆ ನಡೆಸಿದವಳು. ದಿನಾ ನಾನೂರು ಮಕ್ಕಳಿಗೆ ಸರಿಯಾಗಿ ಹನ್ನೊಂದೂವರೆಗೆ ಬಿಸಿ ಊಟ. ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾರದೆ ಊರಿನ ಒಂದು ಸೇವಾಸಂಸ್ಥೆಗೆ ಹೋಗಿ "ಏನಾದ್ರೂ ಕೆಲ್ಸ ಕೊಡಿ" ಎಂದಳು. ಅವರು ಲಕೋಟೆ ಅಂಟಿಸಲು ಕೊಟ್ಟರು. ಆರು ವರ್ಷ ಆಕೆ ಲಕೋಟೆ ಅಂಟಿಸಿದಳು. "ನಾನೂರು ಜನಕ್ಕೆ ಬಡಿಸಿದ ಕೈಗೆ ಗೋಂದು ಕೊಟ್ರು ಕಣೇ" ಎಂದು ಒಮ್ಮೆ ನಕ್ಕಳು, ಅಷ್ಟೇ. ಆ ನಗು ಡೋರೀನ್‌ಗೆ ಇವತ್ತಿಗೂ ಚುಚ್ಚುತ್ತದೆ.

ತಾಯಿ ಹೋದ ಮರುವರ್ಷ ಅವಳು 'ಪಳಗಿದ ಕೈ' ಸಂಸ್ಥೆಗೆ ಸೇರಿದಳು. ಐವತ್ತೈದು ದಾಟಿದವರನ್ನು ಶಾಲೆ, ಗ್ರಂಥಾಲಯ, ಸರ್ಕಾರಿ ಕಚೇರಿಗಳಿಗೆ ಸ್ವಯಂಸೇವಕರಾಗಿ ಕಳಿಸುವುದು, ಅವರನ್ನು ಹೇಗೆ ಬಳಸಿಕೊಳ್ಳಬೇಕೆಂದು ಆ ಕಚೇರಿಗಳಿಗೆ ಕಲಿಸುವುದು ಅಲ್ಲಿಯ ಕೆಲಸ. ಹನ್ನೆರಡು ವರ್ಷದಿಂದ ಎಲ್ಲ ಕಚೇರಿಗೂ ಅವಳದ್ದು ಮೂರೇ ಮಾತು. ಲಕೋಟೆ ಕೊಡಬೇಡಿ, ಅವರಿಗೆ ಗೊತ್ತಿರುವ ಕೆಲಸ ಕೊಡಿ. ಪುಕ್ಕಟೆ ಸಿಕ್ಕಿದ್ದಾರೆಂದು ಹಿಂಡಬೇಡಿ, ವಾರಕ್ಕೆ ಎರಡು ಬೆಳಿಗ್ಗೆಗಿಂತ ಹೆಚ್ಚು ಬೇಡ. ಮೈ ಹೇಗಿದೆ, ಮಂಡಿ ಹೇಗಿದೆ, ನೆನಪು ಹೇಗಿದೆ ಎಂದು ಕೇಳಿ ಅವರ ಮಾನ ಕಳೆಯಬೇಡಿ.

ಒಳ್ಳೆಯ ಮಾತುಗಳೇ. ಅವುಗಳಿಂದ ಎಷ್ಟೋ ಜನಕ್ಕೆ ಒಳ್ಳೆಯದಾಗಿದೆ.

ರೇನೋ ಕಾಂಗಸ್ ಬಂದದ್ದು ಜೂನ್ ಮೊದಲ ವಾರ. ಎಪ್ಪತ್ತೆಂಟು ವರ್ಷ, ನೀರಿನ ಇಲಾಖೆಯಲ್ಲಿ ಮೂವತ್ತೇಳು ವರ್ಷ ದುಡಿದವನು, ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಫಿನ್ನಿಷ್ ಮನೆತನದವರಲ್ಲಿ ಮಾತು ಕಡಿಮೆ ಅಂತಾರೆ. ರೇನೋ ಅವರಲ್ಲೂ ಕಡಿಮೆ. ಹೇಳಬೇಕಾದ್ದನ್ನು ಒಂದು ಸಲ ಹೇಳುತ್ತಾನೆ, ಎರಡನೆಯ ಸಲ ಜಪ್ಪಯ್ಯ ಅಂದರೂ ಹೇಳುವುದಿಲ್ಲ. ಅರ್ಜಿ ತುಂಬಿ, ಟೋಪಿ ಕೈಯಲ್ಲಿ ಹಿಡಿದು, "ವಾಲ್ವ್‌ಗಳು ಎಲ್ಲಿವೆ ಅಂತ ನಂಗೊತ್ತು. ಇಲಾಖೆಯವ್ರಿಗೆ ಗೊತ್ತಿಲ್ಲ" ಎಂದ.

ನಿಜವೇ. ಇಲಾಖೆಯ ಹಳೆಯ ನಕ್ಷೆಗಳೆಲ್ಲ ಒಂದು ವರ್ಷ ನೆಲಮಾಳಿಗೆಗೆ ನೀರು ನುಗ್ಗಿ ಮುದ್ದೆಯಾಗಿದ್ದವು. ನೀರಿನ ಇಲಾಖೆಯ ನಕ್ಷೆ ನೀರಿನಲ್ಲೇ ಹೋಯಿತೆಂದು ಊರೆಲ್ಲ ನಕ್ಕಿತ್ತು. ಕೊಳವೆ ಒಡೆದಾಗ ಆ ಬೀದಿಗೆ ಮಾತ್ರ ನೀರು ನಿಲ್ಲಿಸುವ ವಾಲ್ವ್ ಎಲ್ಲಿದೆಯೆಂದು ಗೊತ್ತಾಗದೆ ಇಡೀ ಗುಡ್ಡಕ್ಕೇ ನೀರು ನಿಲ್ಲಿಸುತ್ತಿದ್ದರು. ಲೋಹ ಹುಡುಕುವ ಯಂತ್ರ ತಂದರೆ ಅದು ಎಲ್ಲಿಟ್ಟರೂ ಕಿರುಚುತ್ತಿತ್ತು, ಯಾಕೆಂದರೆ ನಮ್ಮೂರು ಕೂತಿರುವುದೇ ಹಳೆಯ ತಾಮ್ರದ ಗಣಿಯ ಕಸದ ಮೇಲೆ. ರೇನೋಗೆ ಯಂತ್ರ ಬೇಕಿರಲಿಲ್ಲ. ಒಂದು ಉಕ್ಕಿನ ಸರಳು, ಒಂದು ಅಳತೆಪಟ್ಟಿ, ಜೊತೆಗೆ ತನ್ನ ತಲೆ. ರಸ್ತೆಯಂಚಿನ ಹುಲ್ಲಿನಲ್ಲಿ ಸರಳು ಚುಚ್ಚಿದರೆ ವಾಲ್ವಿನ ಮುಚ್ಚಳಕ್ಕೆ ತಾಗಿ ಠಣ್ ಎನ್ನಬೇಕು. ಆಮೇಲೆ ಕದಲದ ಎರಡು ಗುರುತುಗಳಿಂದ ಅಳತೆ ತೆಗೆದು ಚೀಟಿ ಬರೆಯಬೇಕು.

ಇಲಾಖೆಯ ಮೇಲ್ವಿಚಾರಕ ಕರ್ಟ್ ಲಿಂಡ್‌ಹೋಮ್‌ನನ್ನು ಒಪ್ಪಿಸಲು ಡೋರೀನ್ ಮೂರು ಸಲ ಹೋಗಬೇಕಾಯಿತು.

"ಎಪ್ಪತ್ತೆಂಟು ವರ್ಷದೋರನ್ನ ರಸ್ತೇಲಿ ನಿಲ್ಲಿಸಿ ಏನಾದ್ರೂ ಆದ್ರೆ ಯಾರು ಹೊಣೆ? ನೀವು ಬರ್ತೀರಾ?"

"ಬರ್ತೀನಿ. ಅವ್ರ ತಲೇಲಿರೋದು ನಿಮ್ಮ ಇಡೀ ಇಲಾಖೇಲಿ ಇಲ್ಲ. ನಾನು ಜವಾಬ್ದಾರಿ."

ಆ ಮಾತು ಈಗ ಗುರುವಾರ ಮಧ್ಯಾಹ್ನ ಎರಡು ಚೀಟಿಯ ರೂಪದಲ್ಲಿ ಮೇಜಿನ ಮೇಲೆ ಬಿದ್ದಿತ್ತು. ಫೋನ್ ಬಡಿದುಕೊಂಡಾಗ ಅವಳು ಕೂತಲ್ಲೇ ಬೆಚ್ಚಿದಳು. ಕರ್ಟ್.

"ಡೋರೀನ್, ಈ ವಾರದ ಚೀಟಿಗಳನ್ನ ನಾಳೆ ಮರೀದೆ ಕಳ್ಸಿ. ಸೋಮವಾರ ನಾಲ್ಕನೇ ಬೀದಿ ಅಗೀತೀವಿ. ಚರ್ಚ್ ಹತ್ರದ ವಾಲ್ವ್ ಮುಚ್ಚಿ ಹಳೇ ಕೊಳವೆ ಕೀಳ್ಬೇಕು. ಸೆಪ್ಟೆಂಬರ್ ಚೀಟಿ ನಕಲು ನನ್ ಹತ್ರ ಇದೆ. ಅದ್ರಲ್ಲೇನೂ ಬದಲಾವಣೆ ಇಲ್ವಲ್ಲ?"

"ಯಾಕೆ ಕೇಳ್ತಿದ್ದೀರ?" ಎಂದಳು ಡೋರೀನ್.

"ಸುಮ್ನೆ. ಇರೋದು ಒಂದೇ ದಿನ ಅಂತ. ಬುಧವಾರದಿಂದ ನೆಲ ಹೆಪ್ಪುಗಟ್ಟುತ್ತಂತೆ. ತಪ್ಪು ಜಾಗ ಅಗೆದ್ರೆ ಇಡೀ ಗುಡ್ಡಕ್ಕೆ ನೀರು ನಿಲ್ಲಿಸ್ಬೇಕಾಗುತ್ತೆ, ಮೇಲ್ಗಡೆ ವೃದ್ಧರ ವಸತಿ ಬೇರೆ ಇದೆ."

"ನೋಡಿ ಹೇಳ್ತೀನಿ" ಎಂದು ಫೋನ್ ಇಟ್ಟಳು.

ಸೆಪ್ಟೆಂಬರಿನ ಚೀಟಿ ಸರಿಯಿದ್ದರೆ ನವೆಂಬರಿನದನ್ನು ಹರಿದು ಬಿಸಾಕಿದರಾಯಿತು, ಯಾರಿಗೂ ತಿಳಿಯುವುದಿಲ್ಲ. ನವೆಂಬರಿನದು ಸರಿಯಿದ್ದರೆ ಕರ್ಟ್ ತಪ್ಪು ಜಾಗ ಅಗೆಯುತ್ತಾನೆ. ಯಾವುದು ಸರಿ ಎಂದು ಕೇಳಲು ರೇನೋ ಒಬ್ಬನೇ ದಿಕ್ಕು. ಕೇಳಿದರೆ, "ನಿಮ್ಮ ನೆನಪು ಕೈ ಕೊಡ್ತಿದೆಯಾ?" ಎಂದು ಕೇಳಿದ ಹಾಗೆಯೇ ಆಗುತ್ತದೆ. ಕರ್ಟ್‌ಗೆ ಹೇಳಿದರೆ ಅವನು ರೇನೋನನ್ನು ಅವತ್ತೇ ಮನೆಗೆ ಕಳಿಸುತ್ತಾನೆ. ಮನೆಗೆ ಹೋದ ರೇನೋ ಏನು ಮಾಡುತ್ತಾನೆ? ಅವಳ ತಾಯಿ ಕೊನೆಕೊನೆಗೆ ಕಿಟಕಿಯ ಹತ್ತಿರ ಕೂತು ಕೈ ನೋಡಿಕೊಳ್ಳುತ್ತಿದ್ದಳು. ಡೋರೀನ್ ನವೆಂಬರಿನ ಚೀಟಿಯನ್ನು ಎತ್ತಿ ಕೈಚೀಲಕ್ಕೆ ಹಾಕಿಕೊಂಡಳು.

"ನಾನ್ ನೋಡ್ದೆ" ಎಂದಳು ಬರ್ನಿ.

ಬರ್ನಿ ಮುಂದಿನ ಮೇಜಿನವಳು. ಎಂಬತ್ತಮೂರು ವರ್ಷದ ಸ್ವಯಂಸೇವಕಿ. ಬಂದವರ ಅರ್ಜಿಗಳನ್ನು ಕಂಪ್ಯೂಟರಿಗೆ ಏರಿಸಿ ಬೀರುವಿನಲ್ಲಿಡುವುದು ಅವಳ ಕೆಲಸ. ಡೋರೀನ್‌ನ ಮೂಗಿಗೆ ಮೆಣಸಿನ ಪುಡಿ ಹಿಡಿಯುವುದು ಅವಳ ಹವ್ಯಾಸ.

"ಏನ್ ನೋಡಿದ್ರಿ?"

"ಚೀಟಿ ಚೀಲಕ್ಕೆ ಹೋಗಿದ್ದು. ಏನಂತೆ, ಆ ಮುದುಕ ಪ್ರೇಮಪತ್ರ ಬರ್ದಿದ್ದಾನಾ?"

ಡೋರೀನ್ ಹೇಳಲೇಬಾರದು ಎಂದುಕೊಂಡಿದ್ದಳು. ಚೀಟಿಯನ್ನು ಮತ್ತೆ ಹೊರಗೆ ತೆಗೆದು ಹೇಳಿಬಿಟ್ಟಳು. ಬರ್ನಿ ಕನ್ನಡಕ ಹಣೆಗೇರಿಸಿ ಎರಡೂ ಚೀಟಿ ನೋಡಿದಳು.

"ಇದಕ್ಕೆ ಇಷ್ಟು ಒದ್ದಾಟ ಯಾಕೆ? ಹೋಗಿ ಕೇಳು."

"ಹೇಗೆ ಕೇಳ್ಲಿ ಬರ್ನಿ? ನಾನೇ ಊರಿಗೆಲ್ಲ ಕೇಳ್ಬೇಡಿ ಅಂತ ಪಾಠ ಹೇಳ್ಕೊಂಡು ತಿರ್ಗಿದೀನಿ."

"ಬಾಯಿಂದ ಕೇಳು, ಇನ್ಹೇಗೆ? ಮುದುಕ್ರು ಅಂದ್ರೆ ನೀನು ಗಾಜಿನ ಲೋಟ ಅಂದ್ಕೊಂಡಿದ್ದೀಯ. ಹೋದ ವರ್ಷ ನನ್ನ ಕಿವಿ ಮಂದ ಆಯ್ತು ಅಂತ ಗೊತ್ತಾದ್ರೂ ಆರ್ ತಿಂಗ್ಳು ಬಾಯ್ ಬಿಡ್ಲಿಲ್ಲ ನೀನು. ಫೋನಲ್ಲಿ ನಾನು ಊರವ್ರಿಗೆಲ್ಲ ತಪ್ಪು ವಿಳಾಸ ಕೊಡ್ತಾ ಕೂತಿದ್ದೆ!"

ಡೋರೀನ್ ಎರಡೂ ಚೀಟಿಗಳನ್ನು ಕೈಚೀಲಕ್ಕೆ ಹಾಕಿಕೊಂಡಳು. ಅವತ್ತು ಸಂಜೆ ಮನೆಗೆ ಹೋದರೂ ಊಟ ಸೇರಲಿಲ್ಲ, ತಟ್ಟೆಯ ಮುಂದೆ ಕೂತು ಹಿಂದಿನದ್ದೆಲ್ಲ ಕೆದಕಿದಳು. ಜುಲೈಯಲ್ಲಿ ರೇನೋ ಬಂದು "ಇನ್ನೂ ಎರಡು ದಿನ ಸೇರಿಸು" ಎಂದಿದ್ದ. ಅವಳು ನಕ್ಕು, "ಬೇಡ ರೇನೋ, ದಣೀತೀರ. ಮಂಗಳವಾರ, ಶುಕ್ರವಾರ ಸಾಕು" ಎಂದಿದ್ದಳು. ಆಗಸ್ಟಿನಲ್ಲಿ ಅವನು ಬುಧವಾರ ಬೆಳಿಗ್ಗೆಯೇ ಬಂದು ನಿಂತಿದ್ದ. "ಇವತ್ತು ನಿಮ್ಮ ದಿನ ಅಲ್ವಲ್ಲ" ಎಂದು ಕಾಫಿ ಕುಡಿಸಿ ಕಳಿಸಿದ್ದಳು. ಅಪರೂಪಕ್ಕೆ ಒಂದು ಮಾತನ್ನು ಎರಡು ಸಲ ಹೇಳಿದ ಮನುಷ್ಯ! ಒಂಟಿ ಗಂಡಸು, ಮನೆಯಲ್ಲಿ ಹೊತ್ತು ಹೋಗುವುದಿಲ್ಲ ಪಾಪ, ಎಂದುಕೊಂಡಿದ್ದಳು. ಒಂಟಿತನಕ್ಕೆ ಅವಳಲ್ಲಿ ಔಷಧಿ ಸಿದ್ಧವಿತ್ತು: ಗುರುವಾರದ ಇಸ್ಪೀಟು ಕೂಟದ ಚೀಟಿ ಕೊಟ್ಟಿದ್ದಳು. ರೇನೋ ಅದನ್ನು ಮಡಿಸಿ ಜೇಬಿಗಿಟ್ಟುಕೊಂಡಿದ್ದ. ಕೂಟಕ್ಕೆ ಒಂದು ದಿನವೂ ಹೋಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಅವಳು ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು ರೇನೋನ ಮನೆ ಮುಂದೆ ಕಾರು ನಿಲ್ಲಿಸಿದಳು. ನೇರ ಕೇಳುವ ಧೈರ್ಯ ಬಾರದೆ ಹೂಡಿದ ಹೂಟ ಅದು. ಅವನು ಕಿತ್ತಲೆ ಬಣ್ಣದ ನಿಲುವಂಗಿ ತೊಟ್ಟು, ಸರಳು ಹಿಡಿದು ಬಾಗಿಲಲ್ಲೇ ನಿಂತಿದ್ದ.

"ನಮ್ಮ ಪತ್ರಿಕೆಗೆ ನಿಮ್ಮ ಫೋಟೋ ಬೇಕಿತ್ತು ರೇನೋ."

"ನನ್ ಮುಖ ಹಾಕಿದ್ರೆ ನಿಮ್ಮ ಪತ್ರಿಕೆ ಒಲೆ ಹಚ್ಚೋಕೂ ಯಾರೂ ತಗೊಳ್ಳಲ್ಲ."

"ಚರ್ಚ್ ಮುಂದೆ ಬೆಳಕು ಚೆನ್ನಾಗಿರುತ್ತೆ. ನಾಲ್ಕನೇ ಬೀದಿಗೆ ಹೋಗೋಣ್ವಾ?"

ಅವನು ಅವಳ ಮುಖ ಒಂದು ಕ್ಷಣ ನೋಡಿದ. "ಆರನೇ ಬೀದೀಲಿ ಕೆಲ್ಸ ಇತ್ತು" ಎಂದ. ಆಮೇಲೆ "ಆಗ್ಲಿ" ಎಂದು ಕಾರು ಹತ್ತಿದ.

ದಾರಿಯುದ್ದಕ್ಕೂ ಅವಳ ಕಣ್ಣು ರಸ್ತೆಯ ಮೇಲಿರಲಿಲ್ಲ. ಅವನು ಬೀದಿಗಳ ಹೆಸರು ಸರಿಯಾಗಿ ಹೇಳುತ್ತಾನೋ, ಬೆಲ್ಟು ತಾನೇ ಹಾಕಿಕೊಂಡನೋ, ಕೈಗವಸು ಎಡಬಲ ಸರಿಯಿದೆಯೋ. ಮೂಲೆಯ ಬೇಕರಿ ಕಂಡು, "ಅಲ್ಲಿ ಹಿಂದೆ ಹಾಲಿನ ಡೈರಿ ಇತ್ತು. ಅರವತ್ತೆಂಟನೇ ಇಸವೀಲಿ ಕೊಳವೆ ಒಡೆದಾಗ ಮಂಡೀವರೆಗೆ ನೀರು" ಎಂದ. ಅವಳ ಎದೆ ಹಗುರಾಯಿತು. ಮರುಗಳಿಗೆಗೇ "ನಾವೀಗ ಎಲ್ಲಿಗೆ ಹೊರಟ್ವಿ?" ಎಂದು ಕೇಳಿದ. ಯಾರು ಬೇಕಾದರೂ ಕೇಳುವ ಪ್ರಶ್ನೆ ತಾನೇ ಎಂದು ತನಗೆ ತಾನೇ ಹೇಳಿಕೊಂಡಳು.

ಚರ್ಚಿನ ಮುಂದೆ ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಗಟ್ಟಿಯಾಗಿತ್ತು. "ಯಾವ್ದಾದ್ರೂ ವಾಲ್ವ್ ಹುಡುಕ್ತಾ ಇರೋ ಥರ ನಿಲ್ಲಿ, ಸಾಕು" ಎಂದಳು.

"ಥರ ಯಾಕೆ? ಇಲ್ಲೇ ಇದೆಯಲ್ಲ ಒಂದು."

ಅವನು ಮೆಟ್ಟಿಲ ಮೂಲೆಗೆ ಹಿಮ್ಮಡಿ ಒತ್ತಿ ನಿಂತ. ಹೆಜ್ಜೆ ಹಾಕಿದ. ಅವನ ಹೆಜ್ಜೆಯೆಂದರೆ ಸರಿಯಾಗಿ ಮೂರು ಅಡಿ ಎಂದು ಇಲಾಖೆಯಲ್ಲಿ ಹಿಂದೆ ಪಂದ್ಯ ಕಟ್ಟುತ್ತಿದ್ದರಂತೆ. ಆರು ಹೆಜ್ಜೆಗೆ ನಿಲ್ಲಲಿ ಎಂದು ಡೋರೀನ್ ಮನಸ್ಸಿನಲ್ಲೇ ಬೇಡಿಕೊಂಡಳು. ಅವನು ಹತ್ತು ಹೆಜ್ಜೆ ಹೋದ. ಸರಳು ಚುಚ್ಚಿದ. ಅದು ಮಣ್ಣಿನಲ್ಲಿ ಮೆತ್ತಗೆ ಇಳಿಯಿತು, ಸದ್ದಿಲ್ಲ. ಒಂದು ಗೇಣು ಆಚೆ ಚುಚ್ಚಿದ, ಈಚೆ ಚುಚ್ಚಿದ. ಸದ್ದಿಲ್ಲ. ಅವಳು ಕ್ಯಾಮೆರಾವನ್ನು ಕಣ್ಣಿಗೆ ಒತ್ತಿಕೊಂಡೇ ನಿಂತಳು, ಮುಖ ಕಾಣಬಾರದಲ್ಲ ಎಂದು.

ಏಳೆಂಟು ಕಡೆ ಚುಚ್ಚಿದ ಮೇಲೆ ರೇನೋ ಸರಳಿನ ಮೇಲೆ ಎರಡೂ ಕೈಯಿಟ್ಟು ನಿಂತುಬಿಟ್ಟ. ಉಸಿರು ಹೊಗೆಯಾಗಿ ಬರುತ್ತಿತ್ತು.

"ಮೊನ್ನೆ ಸಿಕ್ಕಿತ್ತು" ಎಂದ. "ಮೊನ್ನೆ ಸಿಕ್ಕಿತ್ತಲ್ವಾ?"

ಇನ್ನು ತಡೆಯಲು ಅವಳಿಂದಾಗಲಿಲ್ಲ. ಕೈಚೀಲದಿಂದ ಎರಡೂ ಚೀಟಿ ತೆಗೆದು ಅವನ ಕೈಗಿತ್ತಳು. ಅವನು ಅವುಗಳನ್ನು ಕಣ್ಣಿನಿಂದ ದೂರ ಹಿಡಿದು, ಮೊದಲು ತಾರೀಖು ನೋಡಿದ, ಆಮೇಲೆ ಅಳತೆ ನೋಡಿದ. ಬೈಯುತ್ತಾನೆ, ಚೀಟಿ ಬಿಸಾಕುತ್ತಾನೆ, ಇನ್ನು ಬರುವುದಿಲ್ಲ ಎನ್ನುತ್ತಾನೆ ಎಂದು ಅವಳು ಕಾದಳು. ಅವನು ಅಳತೆಪಟ್ಟಿಯ ತುದಿಯನ್ನು ಅವಳ ಕೈಗೆ ಕೊಟ್ಟು, "ಮೂಲೇಲಿ ಹಿಡ್ಕೊ" ಎಂದ. ಹತ್ತೊಂಬತ್ತು ಅಡಿಗೆ ಹೋಗಿ, ಕೆಂಪು ನಲ್ಲಿಯಿಂದಲೂ ಇಪ್ಪತ್ತಾರು ಅಳೆದು, ಎರಡು ಅಳತೆ ಕೂಡುವಲ್ಲಿ ಸರಳು ಚುಚ್ಚಿದ.

ಠಣ್ ಎಂದಿತು.

ರೇನೋ ಮೆಟ್ಟಿಲ ಮೇಲೆ ಕೂತು ಫ್ಲಾಸ್ಕು ತೆಗೆದ. ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಅವಳಿಗೆ ಕೊಟ್ಟ.

"ಸೆಪ್ಟೆಂಬರ್‌ನವನನ್ನ ನಂಬು" ಎಂದ. "ಈ ನವೆಂಬರ್‌ನವನನ್ನ ನಂಬ್ಬೇಡ. ಅಕ್ಟೋಬರ್‌ನವನ ಚೀಟೀನೂ ಒಂದ್ಸಲ ಅಳೆದು ನೋಡೋಕೆ ಹೇಳು ಕರ್ಟ್‌ಗೆ."

"ರೇನೋ, ನಂಗೆ… ನಾನು ಕೇಳ್ಬಾರ್ದು ಅಂತ…"

"ಕೇಳೋದೇನಿದೆ? ಎಲ್ಲಾ ನಿಂಗೊತ್ತಲ್ಲ."

"ನಂಗೇನು ಗೊತ್ತು?"

ಅವನು ತಿರುಗಿ ನೋಡಿದ. ಸಿಟ್ಟಿಲ್ಲ, ಸಂಕಟವೂ ಇಲ್ಲ, ಬರೀ ಅಚ್ಚರಿ. "ಬರ್ದು ಕೊಟ್ಟಿದ್ದೆನಲ್ಲಮ್ಮ. ಮೊದಲ್ನೇ ದಿನಾನೇ. ಅರ್ಜೀಲಿ. ಓದಿಲ್ವಾ?"

ಡೋರೀನ್ ಕಾಫಿಯ ಮುಚ್ಚಳವನ್ನು ಮೆಟ್ಟಿಲ ಮೇಲಿಟ್ಟಳು.

"ನೀನು ಆ ಮಾತೇ ಎತ್ತಲಿಲ್ಲ. ಒಳ್ಳೇ ಹೆಂಗ್ಸು, ಮರ್ಯಾದೆ ಗೊತ್ತಿರೋಳು ಅಂದ್ಕೊಂಡೆ. ಜಾಸ್ತಿ ದಿನ ಕೊಡು ಅಂದ್ರೆ ಕೊಡ್ಲಿಲ್ಲ. ಗೊತ್ತಿದ್ದೂ ಎರಡೇ ದಿನ ಕೊಡ್ತಾಳೆ ಅಂದ್ರೆ ಏನೋ ಯೋಚ್ನೆ ಇರ್ಬೇಕು, ಇಲಾಖೆಯವ್ರು ಒಪ್ಪಿಲ್ವೇನೋ ಅಂದ್ಕೊಂಡೆ. ಮನೇಲಿ ಕೂತು ಬರೆಯೋಕೆ ನೋಡ್ದೆ. ಆಗಲ್ಲ. ಆ ಜಾಗದಲ್ಲಿ ನಿಂತ್ರೆ ಮಾತ್ರ ಬರುತ್ತೆ. ಈಗ ನಿಂತ್ರೂ…" ಎಂದು ಹುಲ್ಲಿನಲ್ಲಿ ತಾನು ಚುಚ್ಚಿದ ತೂತುಗಳ ಕಡೆ ಗಲ್ಲ ತೋರಿಸಿದ.

ಅವನನ್ನು ಮನೆಗೆ ಬಿಟ್ಟು ಡೋರೀನ್ ಕಚೇರಿಗೆ ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ. ಕೋಟು ಕೂಡ ತೆಗೆಯದೆ ಬೀರುವಿಗೆ ಹೋಗಿ ಕಡತಗಳನ್ನು ಎಳೆದಾಡತೊಡಗಿದಳು.

ನಮ್ಮ ಈ ಸಂಸ್ಥೆಗಳ ಅರ್ಜಿಯಲ್ಲೆಲ್ಲ ಕೊನೆಗೊಂದು ಪ್ರಶ್ನೆ ಇರುತ್ತದೆ: ನೀವು ಯಾಕೆ ಸೇವೆ ಮಾಡಬಯಸುತ್ತೀರಿ? ಕೆಳಗೆ ನಾಲ್ಕು ಗೆರೆ. ಎಲ್ಲರೂ ಬರೆಯುವುದು ಒಂದೇ: ಊರು ನನಗೆ ಬಹಳ ಕೊಟ್ಟಿದೆ, ನಾನೂ ಏನಾದರೂ ಮರಳಿ ಕೊಡಬೇಕು. ಹನ್ನೆರಡು ವರ್ಷದಲ್ಲಿ ಡೋರೀನ್ ಅದನ್ನು ಸಾವಿರ ಸಲ ಓದಿದ್ದಾಳೆ. ಸಾವಿರ ಸಲ ಓದಿದ್ದನ್ನು ಸಾವಿರದೊಂದನೆಯ ಸಲ ಯಾರೂ ಓದುವುದಿಲ್ಲ. ಹೆಸರು, ಫೋನು, ಬರುವ ದಿನ ನೋಡುವುದು, ಹಾಳೆ ತಿರುಗಿಸಿ ಕೆಳಗೆ ಸಹಿ ಹಾಕುವುದು. ಈ ಕೆಲಸದಲ್ಲಿರುವವರೆಲ್ಲ ಹಾಗೇ ಮಾಡುತ್ತಾರೆ.

ರೇನೋನ ಅರ್ಜಿ ಸಿಕ್ಕಿತು. ನಾಲ್ಕು ಗೆರೆಯಲ್ಲಿ ಅದೇ ದಪ್ಪ ಪೆನ್ಸಿಲಿನ ಅಕ್ಷರ.

"ನನಗೆ ಮರೆವಿನ ಕಾಯಿಲೆ ಶುರುವಾಗಿದೆ ಎಂದು ಡಾಕ್ಟರು ಹೇಳಿದ್ದಾರೆ. ಇನ್ನೂರ ಹನ್ನೊಂದು ವಾಲ್ವ್‌ಗಳು ನನ್ನ ತಲೆಯಲ್ಲಿ ಮಾತ್ರ ಇವೆ. ಚಳಿಗಾಲದೊಳಗೆ ಎಲ್ಲ ಬರೆಸಿಕೊಳ್ಳಿ. ದಿನಾ ಬರುತ್ತೇನೆ."

ಕೆಳಗೆ 'ಓದಿ ಪರಿಶೀಲಿಸಿದ್ದೇನೆ' ಎಂಬ ಮುದ್ರಿತ ಸಾಲು. ಅದರ ಮುಂದೆ ನೀಲಿ ಶಾಯಿಯಲ್ಲಿ ಡೋರೀನ್ ಪೆಲ್ಕಿ, ಜೂನ್ ಮೂರು.

ಬರ್ನಿ ಹಿಂದಿನಿಂದ ಬಂದು ಭುಜದ ಮೇಲಿಂದ ಓದಿದಳು. "ಅಯ್ಯೋ" ಎಂದಳು. "ಕಂಪ್ಯೂಟರಿಗೆ ಏರಿಸಿದ್ದು ನಾನೇ ಕಣೇ. ಅದರಲ್ಲಿ ಆರಿಸೋಕೆ ನಾಲ್ಕೇ ಉತ್ತರ ಇದೆ. 'ಹೊತ್ತು ಕಳೆಯಲು' ಅಂತ ಒತ್ತಿದೀನಿ."

ಅರವತ್ತೇಳು ಚೀಟಿ ಆಗಿದ್ದವು. ದಿನಾ ಬಂದಿದ್ದರೆ ಇಷ್ಟು ಹೊತ್ತಿಗೆ ಇನ್ನೂರ ಹನ್ನೊಂದೂ ಮುಗಿದಿರುತ್ತಿದ್ದವು. ಬುಧವಾರದಿಂದ ನೆಲ ಹೆಪ್ಪುಗಟ್ಟಿ ಸರಳು ಇಳಿಯುವುದಿಲ್ಲ. ಮತ್ತೆ ಮಣ್ಣು ಮೆತ್ತಗಾಗುವುದು ಮೇ ತಿಂಗಳಲ್ಲಿ. ಮೇ ತಿಂಗಳ ರೇನೋ ಎಂಥವನಿರುತ್ತಾನೋ ಎಂದು ಯೋಚಿಸಿದಾಗ ಡೋರೀನ್‌ಗೆ ಅಳು ಬಂತು. ಅತ್ತಳು. ಬರ್ನಿ ಕರವಸ್ತ್ರ ಕೊಟ್ಟು, "ಅತ್ತಿದ್ದು ಸಾಕು, ಫೋನ್ ಮಾಡು" ಎಂದಳು.

ಕರ್ಟ್‌ಗೆ ಎಲ್ಲವನ್ನೂ ಹೇಳಿದಳು. ಎರಡು ಚೀಟಿಯ ವಿಷಯ, ಕೈಚೀಲದ ವಿಷಯ, ಅರ್ಜಿಯ ವಿಷಯ.

"ಅವ್ರನ್ನ ಬಿಡಿಸ್ಬೇಡಿ" ಎಂದಳು. "ಬೇಕಾದ್ರೆ ನಾನು ಬಿಡ್ತೀನಿ."

"ಬಿಡಿಸೋದಾ?" ಕರ್ಟ್‌ನ ಧ್ವನಿ ಏರಿತು. "ಜೂನ್‌ನಲ್ಲೇ ಗೊತ್ತಿದ್ರೆ ದಿನಾ ಒಂದು ಗಾಡಿ, ಒಬ್ಬ ಆಳು ಕೊಡ್ತಿದ್ದೆನಲ್ರೀ! ನೀವೇ ತಾನೆ ಎರಡು ದಿನಕ್ಕಿಂತ ಹೆಚ್ಚು ಬೇಡ ಅಂತ ನಂಗೆ ಪಾಠ ಹೇಳಿದ್ದು? ಯಾರಿಗೂ ಗೊತ್ತಿರ್ಲಿಲ್ಲ ಅಂದ್ರೆ ಸರಿ…"

"ಗೊತ್ತಿತ್ತು" ಎಂದಳು ಡೋರೀನ್. "ನನ್ ಸಹಿ ಇದೆ."

ಕರ್ಟ್ ಉಸಿರು ಬಿಟ್ಟದ್ದು ಕೇಳಿಸಿತು. "ನಾಳೆ ಏಳಕ್ಕೆ ಗಾಡಿ ತರ್ತೀನಿ" ಎಂದು ಫೋನ್ ಇಟ್ಟ.

ಶನಿವಾರ ಬೆಳಿಗ್ಗೆ ಅವರು ಹೋದಾಗ ರೇನೋ ಕಿತ್ತಲೆ ನಿಲುವಂಗಿ ತೊಟ್ಟು ಬಾಗಿಲಲ್ಲೇ ನಿಂತಿದ್ದ. ಬರುತ್ತೇವೆಂದು ಡೋರೀನ್ ಅವನಿಗೆ ಹೇಳಿರಲಿಲ್ಲ. ಹೇಳುವುದು ಅವಳಿಗೆ ಆ ಗಡಿಬಿಡಿಯಲ್ಲಿ ಮರೆತೇ ಹೋಗಿತ್ತು.

"ಇವತ್ತು ಶನಿವಾರ ಅಂತ ಗೊತ್ತಾ ರೇನೋ?" ಎಂದು ಕೇಳಿದಳು. ಈ ಸಲ ಕೇಳಿಯೇ ಬಿಟ್ಟಳು.

"ಗೊತ್ತು. ನಾನು ದಿನಾ ಏಳಕ್ಕೆ ರೆಡಿಯಾಗಿ ನಿಲ್ತೀನಿ. ಯಾವತ್ತು ನಿಮ್ಮ ಮಂಗಳವಾರ, ಯಾವತ್ತು ಶುಕ್ರವಾರ ಅಂತ ತಪ್ಪೋಗ್ಬಾರ್ದಲ್ಲ."

ಡೋರೀನ್ ಅಳತೆಪಟ್ಟಿಯ ತುದಿ ಹಿಡಿದಳು. ಕರ್ಟ್ ಸರಳು ಚುಚ್ಚಿದ. ರೇನೋ ಒಂದೊಂದು ಜಾಗದಲ್ಲೂ ಕಣ್ಣು ಮುಚ್ಚಿ ನಿಲ್ಲುತ್ತಿದ್ದ, ಒಮ್ಮೊಮ್ಮೆ ತುಟಿಗಳು ಅಲುಗುತ್ತಿದ್ದವು, ಆಮೇಲೆ ಕೈ ತೋರಿಸುತ್ತಿದ್ದ. ಅವನು ಕಣ್ಣು ಮುಚ್ಚಿದಾಗಲೆಲ್ಲ ಅವಳೂ ಉಸಿರು ಬಿಗಿಹಿಡಿಯುತ್ತಿದ್ದಳು. "ನೆನಪಾಗ್ತಿದೆಯಾ?" ಎಂದು ಪ್ರತಿ ಸಲವೂ ಕೇಳಿದಳು. "ಆಗ್ತಿದೆ" ಎಂದರೆ ಬರೆದುಕೊಂಡಳು, "ಇಲ್ಲ" ಎಂದರೆ ಮುಂದಿನ ಬೀದಿಗೆ ಹೋದರು. ಅವನಿಗೆ ಬೇಸರವಾದಂತೆ ಕಾಣಲಿಲ್ಲ. ಯಾರೋ ಕೇಳುವವರಿದ್ದಾರಲ್ಲ ಎಂಬಂತೆ ಉತ್ತರ ಕೊಡುತ್ತಿದ್ದ.

ಮಧ್ಯಾಹ್ನ ಮೂರಕ್ಕೆ ಹಿಮ ಬೀಳತೊಡಗಿತು. ಅಷ್ಟರಲ್ಲಿ ಹನ್ನೊಂದು ಕಡೆ ಹುಡುಕಿದ್ದರು. ನಾಲ್ಕು ಕಡೆ ಠಣ್ ಎಂದಿತ್ತು.

ಜೂನ್‌ನಲ್ಲಾಗಿದ್ದರೆ ಹನ್ನೊಂದೂ ಸಿಗುತ್ತಿದ್ದವು ಎಂದು ಯಾರೂ ಹೇಳಲಿಲ್ಲ. ರೇನೋ ಸರಳಿನ ಮಣ್ಣು ಒರೆಸಿ ಗಾಡಿಗೆ ಹಾಕಿ, "ನಾಳೆ?" ಎಂದ.

"ನಾಳೆ ಏಳಕ್ಕೆ" ಎಂದಳು ಡೋರೀನ್. "ನಾಡಿದ್ದೂ ಏಳಕ್ಕೆ. ಆಚೆ ನಾಡಿದ್ದೂ ಬರ್ತೀನಿ, ನೆಲ ಗಟ್ಟಿಯಾಗೋವರ್ಗೂ ಬರ್ತೀನಿ."

"ಬರ್ದಿಟ್ಕೋ" ಎಂದ ರೇನೋ. "ನನ್ನ ನಂಬ್ಕೊಂಡು ಕೂರ್ಬೇಡ."

ಅವಳು ಕೈಗವಸು ತೆಗೆದು, ಅವನ ಪೆನ್ಸಿಲನ್ನೇ ಇಸಿದುಕೊಂಡು, ಹಿಮ ಬೀಳುತ್ತಿದ್ದ ಚೀಟಿಯ ಮೇಲೆ ಭಾನುವಾರ, ಸೋಮವಾರ, ಮಂಗಳವಾರ ಎಂದು ಬರೆದಳು.